ವಿಕ್ಟೋರಿಯಾ: ಯಾರಿಗೂ ಬೇಡವಾಗಿದ್ದ ಒಂದು ಹೆಸರು ವಿ.ಟಿ.ವರೆಗೆ ಬಂದದ್ದು ಹೇಗೆ?

ಈ ಸಲದ ಮಾತು ಪೂರ್ತಿ ಒಂದೇ ಒಂದು ಹೆಸರಿನ ಬಗ್ಗೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್‌ನಲ್ಲಿ ನಿಂತುಕೊಂಡೇ ಓದುವವರಿಗೆ, ಎಂದಿನ ಹಾಗೆ ಇಲ್ಲಿ ಬರಹದ ರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿದ್ದೇನೆ.

ನಾನಿರೋದು ಮುಂಬ್ರಾದಲ್ಲಿ. ಇಲ್ಲಿ ಟಿಕೆಟ್ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಒಬ್ಬರಾದರೂ "ಏಕ್ ವೀಟಿ ರಿಟರ್ನ್" ಅಂತ ಕೇಳ್ತಾರೆ. ಟಿಕೆಟ್ ಮೇಲೆ ಅಚ್ಚಾಗೋದು ಬೇರೆ ಹೆಸರು. ವಿಕ್ಟೋರಿಯಾ ಟರ್ಮಿನಸ್ 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು, 2017ರಲ್ಲಿ ಅದಕ್ಕೆ ಮಹಾರಾಜ್ ಸೇರಿತು. 1996ರ ನಂತರ ಹುಟ್ಟಿದ ಹುಡುಗರೂ ವೀಟಿ ಅಂತಲೇ ಹೇಳೋದನ್ನ ಕೇಳಿದ್ದೇನೆ. ಆ 'ವೀ' ಒಬ್ಬ ಹೆಣ್ಣುಮಗಳ ಹೆಸರಿನ ಮೊದಲ ಅಕ್ಷರ ಅನ್ನೋದು ಅವರ ತಲೆಯಲ್ಲಿ ಇರೋದೇ ಇಲ್ಲ.

ನಾವು ಬ್ರಿಟಿಷರದ್ದು ಅಂತ ಬೈದು ತೆಗೆದುಹಾಕುವ, ಅಥವಾ ಹಳೇ ಮುಂಬೈನ ನೆನಪು ಅಂತ ಹಿಡಿದುಕೊಳ್ಳುವ ಈ ಹೆಸರು ಮೊದಲು ಬ್ರಿಟಿಷರಿಗೇ ಪರಕೀಯವಾಗಿತ್ತು. ಅವರ ಪಾರ್ಲಿಮೆಂಟಿನಲ್ಲೇ ಇದನ್ನು ಬದಲಿಸಿ ಅಂತ ಮಾತೆದ್ದಿತ್ತು. ಆ ಕಥೆಗೆ ಬರ್ತೀನಿ. ಅದಕ್ಕೂ ಮುಂಚೆ ಹೆಸರಿನ ಬೇರು ನೋಡೋಣ.

ಲ್ಯಾಟಿನ್‌ನಲ್ಲಿ ವಿಕ್ಟೋರಿಯಾ ಅಂದರೆ ಗೆಲುವು, ಅಷ್ಟೇ. ಗೆದ್ದವನು ವಿಕ್ಟರ್, ಅವನಿಗೆ ಸಿಕ್ಕಿದ್ದು ವಿಕ್ಟೋರಿಯಾ. ಆ ಭಾಷೆಯಲ್ಲಿ ಈ ಪದ ಸ್ತ್ರೀಲಿಂಗ. ಹಾಗಾಗಿ ಗೆಲುವಿಗೆ ಒಂದು ರೂಪ ಕೊಡಬೇಕಾದಾಗ ರೋಮನ್ನರು ರೆಕ್ಕೆ ಇರುವ ಒಬ್ಬ ದೇವಿಯನ್ನು ಮಾಡಿದರು. ಗ್ರೀಕರು ಅದನ್ನೇ ನೀಕೆ ಅಂತಿದ್ದರು. ಇವತ್ತು ಶೂ ಕಂಪನಿಗೆ ಇರುವುದು ಅದೇ ಹೆಸರು. ನಮ್ಮಲ್ಲಿ ನೋಡಿ, ಸಂಸ್ಕೃತದಲ್ಲಿ ವಿಜಯ ಪುಲ್ಲಿಂಗ. ಅರ್ಜುನನಿಗೂ ವಿಜಯ ಅಂತ ಹೆಸರಿದೆ. ಹೆಣ್ಣಿಗೆ ಇಡಬೇಕಾದರೆ ಕೊನೆಯ ಸ್ವರ ಎಳೆದು ವಿಜಯಾ ಮಾಡಬೇಕು, ಇಲ್ಲಾ ಕನ್ನಡದಲ್ಲಿ ಅಮ್ಮ ಸೇರಿಸಿ ವಿಜಯಮ್ಮ ಅನ್ನಬೇಕು. ಅರ್ಥದಲ್ಲಿ ನಮ್ಮ ವಿಜಯಮ್ಮ, ವಿಜಯಲಕ್ಷ್ಮಿ ಎಲ್ಲ ವಿಕ್ಟೋರಿಯಾಗಳೇ. ನನ್ನ ಬಿಲ್ಡಿಂಗಿನಲ್ಲೇ ಒಬ್ಬರು ನುಸ್ರತ್ ಆಪಾ ಇದ್ದಾರೆ. ಅರಬ್ಬಿಯಲ್ಲಿ ನುಸ್ರತ್ ಅಂದರೆ ನೆರವು, ಜಯ. ಅವರೂ ಇದೇ ಸಾಲಿನವರು.

ಇಲ್ಲಿ ಒಂದು ಎಚ್ಚರಿಕೆ. ವಿಕ್ಟೋರಿಯಾ, ವಿಜಯಾ ಎರಡರಲ್ಲೂ 'ವಿ' ಇದೆ, ಎರಡಕ್ಕೂ ಒಂದೇ ಅರ್ಥ, ಅಂದಮೇಲೆ ಒಂದೇ ಮೂಲ ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಥರದ ತೀರ್ಮಾನಕ್ಕೆ ಬರಬೇಡಿ. ವಿಜಯಾದಲ್ಲಿ 'ವಿ' ಉಪಸರ್ಗ, ಧಾತು ಇರೋದು ಆಮೇಲೆ, 'ಜಿ' ಅಂತ. ಲ್ಯಾಟಿನ್‌ನಲ್ಲಿ 'ವಿಕ್' ಅನ್ನೋದೇ ಧಾತು. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದರೆ ಸ್ಟ್ರಿಂಗ್ ಮ್ಯಾಚ್ ಆಯ್ತು ಅಂತ ರೆಕಾರ್ಡ್ ಒಂದೇ ಆಗಲ್ಲ.

ರೋಮಿನ ಸೆನೆಟ್ ಭವನದಲ್ಲಿ ಈ ದೇವಿಗೆ ಒಂದು ಬಲಿಪೀಠ ಇತ್ತು. ಕ್ರೈಸ್ತ ಧರ್ಮ ಬಲವಾದಾಗ ಅದನ್ನು ಇಡಬೇಕೋ ತೆಗೀಬೇಕೋ ಅಂತ ಜಗಳ ಶುರುವಾಯಿತು. ಕ್ರಿ.ಶ. 382ರಲ್ಲಿ ಚಕ್ರವರ್ತಿ ಗ್ರೇಷಿಯನ್ ತೆಗೆಸಿದ. ಎರಡು ವರ್ಷದ ನಂತರ ಸಿಮ್ಮಾಕಸ್ ಅನ್ನೋ ಹಿರಿಯ ಅಧಿಕಾರಿ, ನಮ್ಮ ಹಿರಿಯರ ಪದ್ಧತಿ, ವಾಪಸ್ ಇಡಿ ಅಂತ ಅರ್ಜಿ ಹಾಕಿದ. ಮಿಲಾನಿನ ಬಿಷಪ್ ಆಂಬ್ರೋಸ್ ಕೂಡದು ಅಂದ. ಅರ್ಜಿ ಬಿದ್ದುಹೋಯಿತು. ಸಾರ್ವಜನಿಕ ಕಟ್ಟಡದಿಂದ ವಿಕ್ಟೋರಿಯಾಳನ್ನು ತೆಗೆಯೋ ಜಗಳ 1996ರದ್ದು ಅಂದುಕೊಂಡಿದ್ದರೆ, ಅದಕ್ಕೆ ಸಾವಿರದ ಆರುನೂರು ವರ್ಷ ವಯಸ್ಸು.

ದೇವಿ ಹೋದಳು, ಹೆಸರು ಉಳೀತು. ಕ್ರೈಸ್ತ ಸಂತರಲ್ಲಿ ವಿಕ್ಟೋರಿಯಾ ಇದ್ದಾಳೆ. ಆಮೇಲೆ ಲ್ಯಾಟಿನ್ ಒಡೆದು ಬೇರೆಬೇರೆ ಭಾಷೆಗಳಾದ ಹಾಗೆ ಹೆಸರೂ ಒಂದೊಂದು ಬಾಯಲ್ಲಿ ಒಂದೊಂದು ಥರ ಆಯಿತು. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದೇ, ಸ್ವಲ್ಪ ನಿಧಾನಕ್ಕೆ ಹೋಗ್ತೀನಿ.

ಇಟಲಿಯಲ್ಲಿ ವಿತ್ತೋರಿಯಾ. 'ಕ್ತ' ಇದ್ದದ್ದು 'ತ್ತ' ಆಯಿತು. ಅಲ್ಲಿ ಹಾಲಿಗೆ ಲ್ಯಾಟಿನ್‌ನ ಲಾಕ್ತೆ ಹೋಗಿ ಲಾತ್ತೆ ಆದ ಹಾಗೆ. ಕಾಫಿ ಅಂಗಡಿಯಲ್ಲಿ ಮುನ್ನೂರು ರೂಪಾಯಿ ಕೊಟ್ಟು ಕುಡೀತೀರಲ್ಲ, ಆ ಲಾಟೆ. ಈ ಬದಲಾವಣೆ ನಮಗೇನು ಹೊಸದಲ್ಲ. ಸಂಸ್ಕೃತದಲ್ಲಿ ಅನ್ನಕ್ಕೆ ಭಕ್ತ ಅಂತ ಒಂದು ಪದ ಇತ್ತು. ಪ್ರಾಕೃತದಲ್ಲಿ ಅದು ಭತ್ತ ಆಯಿತು, ಮರಾಠಿ ಹಿಂದಿಯಲ್ಲಿ ಭಾತ್ ಆಯಿತು, ನಮ್ಮ ತಟ್ಟೆಗೆ ಬಿಸಿಬೇಳೆಬಾತ್ ಆಗಿ ಬಂತು. ವಿತ್ತೋರಿಯಾಳ ದಾರಿ, ಬಾತ್‌ನ ದಾರಿ ಒಂದೇ. ಈ ರೂಪದಲ್ಲಿ ದೊಡ್ಡ ಹೆಸರು ವಿತ್ತೋರಿಯಾ ಕೊಲೊನ್ನಾ, 1492ರಿಂದ 1547ರವರೆಗೆ ಬದುಕಿದ್ದ ಕವಯಿತ್ರಿ, ಮೈಕೆಲೆಂಜಲೋನ ಸ್ನೇಹಿತೆ.

ಪೋರ್ಚುಗೀಸರು 'ಕ್'ಅನ್ನು ಪೂರ್ತಿ ಬಿಟ್ಟು ವಿಟೋರಿಯಾ ಅಂದರು. ಫ್ರೆಂಚರಲ್ಲಿ ವಿಕ್ಟ್ವಾರ್. ಪೋಲೆಂಡಿನಲ್ಲಿ ಉಚ್ಚಾರ ಹತ್ತಿರ ಹತ್ತಿರ ಅದೇ, ಬರೆಯೋದು ಮಾತ್ರ ಡಬ್ಲ್ಯೂನಿಂದ. ರಷ್ಯದಲ್ಲಿ ವಿಕ್ತೋರಿಯಾ, ಮನೆಯಲ್ಲಿ ಕರೆಯೋದು ವೀಕಾ. ಸ್ಪೇನಿನಲ್ಲಿ ಬರೆಯೋದು 'ವಿ', ಕೇಳಿಸೋದು 'ಬಿ'. ಅವರ ಪಕ್ಕದ ಬಾಸ್ಕ್ ಜನ ಮುಲಾಜಿಲ್ಲದೆ ಬಿತ್ತೋರಿ ಅಂತಲೇ ಬರೀತಾರೆ.

ಈ ವಿ-ಬಿ ಗೊಂದಲ ನಮ್ಮ ಮನೆಯದ್ದೇ. ನಮ್ಮ ಕುಟುಂಬದ ಮೂಲ ವಿಜಯಪುರ ಜಿಲ್ಲೆ. ಗೆಲುವಿನ ಊರು ಅಂತ ಇಟ್ಟ ವಿಜಯಪುರ ಬಾಯಿಂದ ಬಾಯಿಗೆ ಬಿಜಾಪುರ ಆಯಿತು. ಮರಾಠಿಯವರು ಇವತ್ತಿಗೂ ವಿಜಾಪೂರ್ ಅಂತಾರೆ, ವ ಉಳಿಸಿಕೊಂಡು ಯ ಬಿಟ್ಟರು. 2014ರ ನವೆಂಬರ್ 1ರಂದು ಸರ್ಕಾರಿ ಕಾಗದದಲ್ಲಿ ಮತ್ತೆ ವಿಜಯಪುರ ಬಂತು. ಬಂಗಾಳದಲ್ಲಿ ವಿಜಯಾ ಅನ್ನೋಳು ಬಿಜೊಯಾ. ಅದೇ ಬಂಗಾಳಿಗಳು ವಿಕ್ಟೋರಿಯಾ ಬರೆಯಬೇಕಾದಾಗ ಭ ಅಕ್ಷರ ಹಾಕಿ ಭಿಕ್ಟೋರಿಯಾ ಅಂತ ಬರೀತಾರೆ. ಮರಾಠಿಯಲ್ಲಿ ವ್ಹಿಕ್ಟೋರಿಯಾ, ವ ಜೊತೆಗೆ ಒಂದು ಹ. ಕನ್ನಡದಲ್ಲಿ ನಾವು ಸೀದಾ ವ ಹಾಕಿ ಮುಗಿಸಿದೆವು. ನೀಕೆ ಕಡೆಯಿಂದಲೂ ಇಂಥದ್ದೇ ಒಂದು ಕವಲಿದೆ. ಗೆಲುವು ತರುವವಳು ಅನ್ನೋ ಅರ್ಥದ ಬೆರೆನಿಕೆ ಅನ್ನೋ ಗ್ರೀಕ್ ಹೆಸರು ಮುಂದೆ ವೆರೋನಿಕಾ ಆಯಿತು. ಮಂಗಳೂರಿನ ಚರ್ಚುಗಳ ಹತ್ತಿರ ಹೋದರೆ ವಿಕ್ಟೋರಿಯಾಗಿಂತ ಮೊದಲು ನಿಮಗೆ ವೆರೋನಿಕಾ ಬಾಯಿ ಸಿಗಬಹುದು.

ಈಗ ಇಂಗ್ಲೆಂಡ್. ಬ್ರಿಟನ್ನಿನವರ ಹತ್ತಿರ ಗೆಲುವಿಗೆ ಸ್ವಂತದ್ದೇ ಒಂದು ಹೆಣ್ಣಿನ ಹೆಸರಿತ್ತು, ಬೂಡಿಕಾ. ಕ್ರಿ.ಶ. 60-61ರಲ್ಲಿ ರೋಮನ್ನರ ವಿರುದ್ಧ ದಂಗೆ ಎದ್ದ ರಾಣಿ ಅವಳು. ಹೆಸರಿನ ಮೂಲ, ಗೆಲುವು ಅನ್ನೋ ಕೆಲ್ಟಿಕ್ ಪದ. ವೇಲ್ಸ್ ಭಾಷೆಯಲ್ಲಿ ಅದು ಬಿದಿಗ್ ಅಂತ ಇದೆ. ತಮಾಷೆ ಏನಂದ್ರೆ, ಆ ದೇಶದ ಅತಿ ಪ್ರಸಿದ್ಧ ರಾಣಿಗೆ ಬಂದದ್ದು ಬೂಡಿಕಾಳ ಶತ್ರುಗಳ ಭಾಷೆಯ ಹೆಸರು. ಅದೂ ಜರ್ಮನಿಯ ಮೂಲಕ, ಫ್ರೆಂಚ್ ವೇಷದಲ್ಲಿ.

ಆಕೆಯ ತಾಯಿ ಜರ್ಮನಿಯ ಕೋಬರ್ಗ್ ಮನೆತನದವಳು, ಹೆಸರು ವಿಕ್ಟ್ವಾರ್. ಮಗು ಹುಟ್ಟಿದ್ದು 1819ರ ಮೇ 24ರಂದು. ಒಂದು ತಿಂಗಳಾದ ಮೇಲೆ ಕೆನ್ಸಿಂಗ್ಟನ್ ಅರಮನೆಯಲ್ಲಿ ನಾಮಕರಣ. ಅಪ್ಪ ಅಮ್ಮ ಜಾರ್ಜಿಯಾನಾ, ಷಾರ್ಲಟ್, ಆಗಸ್ಟಾ ಅಂತೆಲ್ಲ ರಾಜಮನೆತನದ ಹೆಸರು ಬರೆದುಕೊಂಡಿದ್ದರು. ಮಗುವಿನ ದೊಡ್ಡಪ್ಪ, ಆಗ ರಾಜ್ಯಭಾರ ನೋಡುತ್ತಿದ್ದ ಪ್ರಿನ್ಸ್ ರೀಜೆಂಟ್, ತಮ್ಮನ ಮೇಲಿನ ಸಿಟ್ಟಿಗೆ ಒಂದೊಂದನ್ನೂ ಬೇಡ ಅಂದ. ಆರ್ಚ್‌ಬಿಷಪ್ ಮಗು ಎತ್ತಿಕೊಂಡು ಹೆಸರಿಗಾಗಿ ಕಾಯುತ್ತಾ ನಿಂತಿದ್ದಾರೆ. ರಷ್ಯದ ಚಕ್ರವರ್ತಿ ಅಲೆಕ್ಸಾಂಡರ್ ಗಾಡ್‌ಫಾದರ್, ಹಾಗಾಗಿ ಅಲೆಕ್ಸಾಂಡ್ರಿನಾ ಇಡಿ ಅಂದ. ಇನ್ನೊಂದು ಹೆಸರು ಅಂದಾಗ, ತಾಯಿಯ ಹೆಸರನ್ನೇ ಇಡಿ, ಆದರೆ ಅದು ಚಕ್ರವರ್ತಿಯ ಹೆಸರಿನ ಹಿಂದೆ ಬರಬೇಕು ಅಂದ. ಹಾಗೆ ಆದದ್ದು ಅಲೆಕ್ಸಾಂಡ್ರಿನಾ ವಿಕ್ಟೋರಿಯಾ. ಮನೆಯಲ್ಲಿ ಚಿಕ್ಕಂದಿನಲ್ಲಿ ಡ್ರೀನಾ ಅಂತಿದ್ದರು. ಅಂದರೆ ವಿ.ಟಿ.ಯ 'ವಿ' ಅಣ್ಣತಮ್ಮಂದಿರ ಮನಸ್ತಾಪದಲ್ಲಿ ಕೊನೆಗೆ ಉಳಿದ ಚೂರು.

1831ರ ಹೊತ್ತಿಗೆ ಈ ಹುಡುಗಿಯೇ ಮುಂದಿನ ರಾಣಿ ಅಂತ ಖಾತ್ರಿಯಾದಾಗ ಹೆಸರಿನ ತಕರಾರು ಮತ್ತೆ ಎದ್ದಿತು. ಪಾರ್ಲಿಮೆಂಟಿನಲ್ಲಿ ಎಲಿಜಬೆತ್ ಮಾಡಿ ಅನ್ನೋ ಮಾತು ಬಂತು. ಆಗಿನ ರಾಜ ನಾಲ್ಕನೇ ವಿಲಿಯಂಗೆ ಷಾರ್ಲಟ್ ಬೇಕಿತ್ತು. ಇಂಗ್ಲಿಷ್ ಕಿವಿಗೆ ವಿಕ್ಟೋರಿಯಾ ಹೊರಗಿನವರ ಹೆಸರು. ಕೊನೆಗೆ ಬದಲಾಗಲಿಲ್ಲ. 1837ರ ಜೂನ್ 20ರಂದು ಪಟ್ಟಕ್ಕೆ ಬಂದ ಹದಿನೆಂಟರ ಹುಡುಗಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕಾಗದಪತ್ರಗಳಿಂದ ಅಲೆಕ್ಸಾಂಡ್ರಿನಾ ತೆಗೆಸಿದ್ದು. ತನಗೆ ಯಾರು ಏನು ಹೆಸರು ಇಡಬೇಕು ಅಂತ ಹದಿನೆಂಟು ವರ್ಷ ಗಂಡಸರು ಚೌಕಾಶಿ ಮಾಡಿದ ಮೇಲೆ ಆಕೆಯೇ ಆರಿಸಿಕೊಂಡಳು. ನನಗೆ ಆಕೆಯ ಸಾಮ್ರಾಜ್ಯದ ಮೇಲೆ ಯಾವ ಮಮತೆಯೂ ಇಲ್ಲ, ಆದರೆ ಈ ಒಂದು ಕೆಲಸ ಮೆಚ್ಚಿದೆ.

ಆಮೇಲೆ ಹೆಸರು ರಾಜಮನೆತನಗಳಲ್ಲಿ ಹರಡಿತು. ಹಿರಿಮಗಳು ವಿಕ್ಟೋರಿಯಾ ಜರ್ಮನಿಯ ಸಾಮ್ರಾಜ್ಞಿ, ಮೊಮ್ಮಗಳು ವಿಕ್ಟೋರಿಯಾ ಯೂಜಿನಿ ಸ್ಪೇನಿನ ರಾಣಿ. ಇವತ್ತು ಸ್ವೀಡನ್ನಿನ ಪಟ್ಟಕ್ಕೆ ಬರಬೇಕಾದವಳೂ ವಿಕ್ಟೋರಿಯಾ. ಸಾಮಾನ್ಯ ಇಂಗ್ಲಿಷ್ ಮನೆಗಳಲ್ಲಿ ಮಾತ್ರ ಆಗ ಮೇರಿ, ಎಲಿಜಬೆತ್ತೇ ಹೆಚ್ಚು. ಅಲ್ಲಿ ಹುಡುಗಿಯರಿಗೆ ವಿಕ್ಟೋರಿಯಾ ಅಂತ ಧಾರಾಳವಾಗಿ ಇಡೋಕೆ ಶುರುವಾದದ್ದು ಇಪ್ಪತ್ತನೇ ಶತಮಾನದ ಎರಡನೇ ಅರ್ಧದಲ್ಲಿ. ಅದಕ್ಕೂ ಮೊದಲು ಅದು ಹೆಚ್ಚಾಗಿ ಕೆರೆ, ಜಲಪಾತ, ಊರು, ರಸ್ತೆ, ಆಸ್ಪತ್ರೆಗಳ ಹೆಸರು. ನಮ್ಮ ಕಡೆಗೆ ಬಂದದ್ದೂ ಹಾಗೆಯೇ.

ನಮ್ಮ ಕಡೆ ಜನರ ಕೈಗೆ ಮೊದಲು ತಲುಪಿದ್ದು ಬೆಳ್ಳಿ ರೂಪಾಯಿಯ ಮೇಲೆ. ರಾಣಿ ಛಾಪಿನ ರೂಪಾಯಿ ಅಂತಿದ್ದರು ಹಳಬರು. ಹೆಂಗಸರು ಅದಕ್ಕೆ ಕೊಂಡಿ ಹಾಕಿಸಿ ಸರ ಮಾಡಿ ಕೊರಳಿಗೆ ಹಾಕಿಕೊಂಡರು. ಅದರ ಮೇಲೆ ಇಂಗ್ಲಿಷಿನಲ್ಲಿ ಆಕೆಯ ಹೆಸರಿತ್ತು, ಓದುವವರು ಕಡಿಮೆ. 1876ರವರೆಗಿನ ನಾಣ್ಯದಲ್ಲಿ ವಿಕ್ಟೋರಿಯಾ ಕ್ವೀನ್, 1877ರಿಂದ ವಿಕ್ಟೋರಿಯಾ ಎಂಪ್ರೆಸ್. ಯಾಕಂದ್ರೆ 1877ರ ಜನವರಿ 1ರಂದು ಲಾರ್ಡ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ನಡೆಸಿ ಆಕೆಯನ್ನು ಹಿಂದೂಸ್ತಾನದ ಸಾಮ್ರಾಜ್ಞಿ ಅಂತ ಸಾರಿದ.

ಆ ತಾರೀಕು ನೆನಪಿಟ್ಟುಕೊಳ್ಳಿ. ಅದೇ ಹೊತ್ತಿಗೆ ನಮ್ಮ ಕಡೆ ಧಾತು-ಈಶ್ವರ ಸಂವತ್ಸರಗಳ ಬರ. ಇವತ್ತಿನ ವಿಜಯಪುರ ಜಿಲ್ಲೆ ಆಗ ಕಲಾದಗಿ ಜಿಲ್ಲೆ, ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತು. ಬರ ಅತಿ ಕೆಟ್ಟದಾಗಿ ಹೊಡೆದ ಜಿಲ್ಲೆಗಳಲ್ಲಿ ಒಂದು. ಮೈಸೂರು ಸಂಸ್ಥಾನದ ಲೆಕ್ಕ ನೋಡಿ. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷ ಜನ, 1881ರಲ್ಲಿ ಸುಮಾರು 41.8 ಲಕ್ಷ. ಗೆಲುವು ಅನ್ನೋ ಅರ್ಥದ ಹೆಸರಿಗೆ ದಿಲ್ಲಿಯಲ್ಲಿ ತೋಪು ಹಾರಿಸುವಾಗ ಗೆಲುವಿನ ಊರು ಅನ್ನೋ ಅರ್ಥದ ಊರಿನ ಸುತ್ತ ಜನ ಗುಳೆ ಹೊರಟಿದ್ದರು. ಬೋರಿಬಂದರಿನಲ್ಲಿ ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸದ ಹೊಸ ಸ್ಟೇಷನ್ ಕಟ್ಟಡದ ಕೆಲಸ ಶುರುವಾದದ್ದು 1878ರಲ್ಲಿ, ಬರ ಮುಗಿಯುತ್ತಿದ್ದ ವರ್ಷ. 1887ರಲ್ಲಿ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವಕ್ಕೆ ಅದಕ್ಕೆ ವಿಕ್ಟೋರಿಯಾ ಟರ್ಮಿನಸ್ ಅಂತ ಹೆಸರಾಯಿತು. ಹಾಗಾಗಿ ಯಾರಾದರೂ ವಿ.ಟಿ. ಹೆಸರು ತೆಗೆದದ್ದು ತಪ್ಪು, ಇತಿಹಾಸ ಅಳಿಸಿದರು ಅಂದಾಗ ನಾನು ಪೂರ್ತಿ ಒಪ್ಪಲ್ಲ. ಆ ಹೆಸರನ್ನು ಅಲ್ಲಿ ಇಟ್ಟಾಗಲೂ ಒಂದು ಇತಿಹಾಸದ ಮೇಲೆ ಬಣ್ಣ ಬಳಿದಿದ್ದರು.

ಒಂದು ಚಿಕ್ಕ ವಿಷಯ: ಆ ಕಟ್ಟಡದ ದೊಡ್ಡ ಗುಮ್ಮಟದ ಮೇಲೆ ಕೈಯಲ್ಲಿ ಪಂಜು ಹಿಡಿದು ನಿಂತಿರೋ ಹೆಂಗಸು ವಿಕ್ಟೋರಿಯಾ ಅಲ್ಲ. ಅದು 'ಪ್ರಗತಿ'ಯ ಪ್ರತಿಮೆ. ರಾಣಿಯ ಪ್ರತಿಮೆ ಇದ್ದದ್ದು ಕೆಳಗೆ, ಗಡಿಯಾರದ ಹತ್ತಿರದ ಗೂಡಿನಲ್ಲಿ. ಅದನ್ನು ಸ್ವಾತಂತ್ರ್ಯದ ನಂತರ ತೆಗೆದರು.

ಊರಿನಲ್ಲಿ ಇನ್ನೊಂದು ಅಮೃತಶಿಲೆಯ ವಿಕ್ಟೋರಿಯಾ ಇದ್ದಳು, ಬರೋಡೆಯ ಖಂಡೇರಾವ್ ಗಾಯಕವಾಡ್ ದುಡ್ಡಿನಲ್ಲಿ ಆದದ್ದು. ಪುಣೆಯ ದಾಮೋದರ ಚಾಪೇಕರ್ ಅದಕ್ಕೆ ರಾತ್ರಿ ಡಾಂಬರು ಬಳಿದ. ಆಮೇಲೆ ತಾನೇ ಅದನ್ನು ಒಪ್ಪಿಕೊಂಡ. ಇದೇ ಚಾಪೇಕರ್ ಸೋದರರು 1897ರ ಜೂನ್ 22ರ ರಾತ್ರಿ, ಪುಣೆಯಲ್ಲಿ ರಾಣಿಯ ವಜ್ರಮಹೋತ್ಸವ ಮುಗಿಸಿ ಹೊರಟಿದ್ದ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡು ಹೊಡೆದರು. ಪ್ಲೇಗ್ ತಪಾಸಣೆ ಹೆಸರಿನಲ್ಲಿ ಸೈನಿಕರು ಮನೆ ಹೊಕ್ಕಿದ್ದ ಸಿಟ್ಟು ಅದು.

ಈಗ ಬೆಂಗಳೂರಿಗೆ ಬನ್ನಿ. ದಿನ ಅದೇ, 1897ರ ಜೂನ್ 22. ಅದೇ ವಜ್ರಮಹೋತ್ಸವದ ನೆನಪಿಗೆ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು. ಇಟ್ಟವರು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ, ಮಗ ಚಿಕ್ಕವನಿದ್ದಾನೆ ಅಂತ 1902ರವರೆಗೆ ರಾಜಪ್ರತಿನಿಧಿಯಾಗಿ ಸಂಸ್ಥಾನ ನಡೆಸಿದವರು. ಒಂದು ಹೆಸರಿನ ಸುತ್ತ ಒಂದೇ ದಿನ ಒಂದು ಕಡೆ ಪಿಸ್ತೂಲು, ಇನ್ನೊಂದು ಕಡೆ ಆಸ್ಪತ್ರೆಯ ಅಡಿಗಲ್ಲು. 1900ರ ಡಿಸೆಂಬರ್ 8ರಂದು ಲಾರ್ಡ್ ಕರ್ಜನ್ ಬಂದು ಆಸ್ಪತ್ರೆ ತೆರೆದ. ಬೆಂಗಳೂರಿನವರು ಇವತ್ತಿಗೂ ಆ ಹೆಸರಿನಿಂದಲೇ ಕರೀತಾರೆ. ಅಲ್ಲಿಗೆ ಹೋಗುವವರಿಗೆ ಅದು ರಾಣಿಯ ಹೆಸರಲ್ಲ, ದುಡ್ಡಿಲ್ಲದಾಗ ಹೋಗಬಹುದಾದ ಒಂದು ಜಾಗದ ಹೆಸರು.

ಅದರ ಪಕ್ಕದಲ್ಲೇ ವಾಣಿವಿಲಾಸ ಆಸ್ಪತ್ರೆ, ಹೆರಿಗೆಗೆ ಹೆಸರಾದದ್ದು. ವಾಣಿವಿಲಾಸ ಯಾರು ಅಂತ ಕೇಳಿದರೆ ಎಷ್ಟೋ ಜನ ಯಾವುದೋ ದೇವಿ ಅಂತಾರೆ. ವಾಣಿವಿಲಾಸ ಸನ್ನಿಧಾನ ಅಂದರೆ ಕೆಂಪನಂಜಮ್ಮಣ್ಣಿಯವರೇ, ಅದು ಅವರ ಅರಮನೆಯ ಬಿರುದು. ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟು ವಾಣಿವಿಲಾಸ ಸಾಗರ ಆದದ್ದೂ ಅವರ ಹೆಸರಲ್ಲೇ. ಇಂಗ್ಲೆಂಡಿನ ರಾಣಿಯ ಹುಟ್ಟುಹೆಸರಿನ ಒಂದು ಭಾಗ ಜಗತ್ತಿನ ನಕಾಶೆಯ ತುಂಬ ಇದೆ. ನಮ್ಮ ರಾಣಿಯ ಹುಟ್ಟುಹೆಸರು ಬಿರುದಿನ ಹಿಂದೆ ಮುಚ್ಚಿಹೋಗಿದೆ. ಎರಡು ಆಸ್ಪತ್ರೆ ನಡುವೆ ಓಡಾಡುವ ಆಟೋದವರಿಗೆ ಇಬ್ಬರೂ ಬರೀ ಸ್ಟಾಪ್.

ಮತ್ತೆ ಮುಂಬೈ. ನಾನು ಎಂಟೆಕ್ ಮಾಡಿದ್ದು ಮಾಟುಂಗಾದ ವಿಜೆಟಿಐನಲ್ಲಿ. 1887ರಲ್ಲಿ ಶುರುವಾದಾಗ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. 1997ರಲ್ಲಿ ವೀರಮಾತಾ ಜಿಜಾಬಾಯಿ ಟೆಕ್ನಾಲಾಜಿಕಲ್ ಇನ್‌ಸ್ಟಿಟ್ಯೂಟ್. ನಾಲ್ಕೂ ಅಕ್ಷರ ಹಾಗೇ ಇವೆ! ಹೆಸರು ಬದಲಿಸಿದರೂ ಹಳೇ ಪದವೀಧರರ ಬಯೋಡೇಟಾ ಒಂದಕ್ಷರ ತಿದ್ದಬೇಕಾಗಲಿಲ್ಲ. ಒಳಗಿನ ಕೋಡ್ ಪೂರ್ತಿ ಬದಲಾಗಿ ಹೊರಗಿನ ಇಂಟರ್‌ಫೇಸ್ ಹಾಗೇ ಉಳಿಯೋದು ಅಂತೀವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಕ್ಲಾಸಿನಲ್ಲೂ ಸಿಕ್ಕಿಲ್ಲ. ಭಾಯಖಳಾದ ವಿಕ್ಟೋರಿಯಾ ಗಾರ್ಡನ್ ಕೂಡ ಜಿಜಾಮಾತೆಯ ಹೆಸರಿಗೇ ಹೋಯಿತು. ಜನರಿಗೆ ಅದು ಮೊದಲೂ ರಾಣಿ ಬಾಗ್, ಈಗಲೂ ರಾಣಿ ಬಾಗ್. ಯಾವ ರಾಣಿ ಅಂತ ಯಾರೂ ಕೇಳಲಿಲ್ಲ. ಡಾಂಬರು ಬಳಿಸಿಕೊಂಡಿದ್ದ ಆ ಅಮೃತಶಿಲೆ ಪ್ರತಿಮೆ ಈಗ ಅದೇ ಆವರಣದ ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಅಂಗಳದಲ್ಲಿದೆ. ಆ ಮ್ಯೂಸಿಯಂ ಹೆಸರೂ ಮೊದಲು ವಿಕ್ಟೋರಿಯಾ ಅಂಡ್ ಆಲ್ಬರ್ಟ್.

ಕುದುರೆಗಾಡಿ ವಿಕ್ಟೋರಿಯಾವನ್ನು ಕಾಯಿದೆಬಾಹಿರ ಅಂತ ಬಾಂಬೆ ಹೈಕೋರ್ಟ್ 2015ರ ಜೂನ್‌ನಲ್ಲಿ ಹೇಳಿತು, ಕಾರಣ ಕುದುರೆಗಳ ಸ್ಥಿತಿ. 2021ರಲ್ಲಿ ಅದೇ ಆಕಾರದ ಬ್ಯಾಟರಿ ಗಾಡಿ ಬಂತು. ಕುದುರೆ ಹೋಯಿತು, ಗಾಡಿಗೆ ವಿಕ್ಟೋರಿಯಾ ಅನ್ನೋದು ಮಾತ್ರ ಬಿಡಲಿಲ್ಲ.

ಕೊನೆಗೊಂದು, ವಿಡಿಯೋದಲ್ಲಿ ಹೇಳೋಕೆ ಮರೆತದ್ದು. ಮಾಹಿಮ್‌ನಲ್ಲಿ ಎಲ್ಲರೂ ವಿಕ್ಟೋರಿಯಾ ಚರ್ಚ್ ಅನ್ನೋ ಒಂದು ಇಗರ್ಜಿ ಇದೆ. ಅದೂ ರಾಣಿಯದ್ದು ಅಂದುಕೊಳ್ಳಬೇಡಿ. ಅದರ ಪೂರ್ತಿ ಹೆಸರು ಅವರ್ ಲೇಡಿ ಆಫ್ ವಿಕ್ಟರೀಸ್, ಗೆಲುವಿನ ಮಾತೆ ಮರಿಯಮ್ಮ. 1571ರ ಅಕ್ಟೋಬರ್ 7ರಂದು ಲೆಪಾಂಟೊ ಹತ್ತಿರ ತುರ್ಕರ ನೌಕಾಪಡೆ ಸೋತಾಗ ಪೋಪ್ ಐದನೇ ಪಿಯುಸ್ ಮರಿಯಮ್ಮನಿಗೆ ಗೆಲುವಿನ ಮಾತೆ ಅಂತ ಒಂದು ಹಬ್ಬ ಕೊಟ್ಟರು. ಇಂಗ್ಲೆಂಡಿನ ಡ್ರೀನಾ ಹುಟ್ಟೋಕೆ ಆಗ ಇನ್ನೂ 248 ವರ್ಷ ಬಾಕಿ.